ಆರುಚುಕ್ಕೆಯ ಗುಲಗಂಜಿ ಹುಳು

ಸಸ್ಯಹೇನುಗಳನ್ನು ತಿಂದು ಬದುಕುವ, ಕೋಲಿಯಾಪ್ಟೆರ ಗಣದ ಕಾಕ್ಸಿನೆಲಿಡೀ ಕುಟುಂಬಕ್ಕೆ ಸೇರಿದ ಒಂದು ಪುಟ್ಟ ದುಂಬಿ. ಶಾಸ್ತ್ರೀಯ ನಾಮ ಕೈಲೋಮಿನೀಸ್ ಸೆಕ್ಸ್‌ಮ್ಯಾಕ್ಯುಲೇಟ. ಕೃಷಿಗ್ರಂಥಗಳಲ್ಲಿ ಮೆನೋಕೈಲಸ್ ಸೆಕ್ಸ್‌ಮ್ಯಾಕ್ಯುಲೇಟಸ್ ಎಂಬ ಹೆಸರೂ ಇಂದಿಗೂ ಬಳಕೆಯಲ್ಲಿದೆ. ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳಿಂದ ಮೊದಲ್ಗೊಂಡು ಮ್ಯಾನ್ಮಾರ್, ಚೀನ, ಇಂಡೋನೇಷ್ಯ, ಫಿಲಿಪೀನ್ಸ್, ಜಪಾನುಗಳವರೆಗೆ ಹಬ್ಬಿರುವ ಈ ಕೀಟ ಇತ್ತೀಚಿನ ದಶಕಗಳಲ್ಲಿ ತನ್ನ ಸ್ವಾಭಾವಿಕ ನೆಲೆಯಿಂದ ಬಹುದೂರವಿರುವ ದಕ್ಷಿಣ ಅಮೆರಿಕದಲ್ಲಿಯೂ ಕಾಣಿಸಿಕೊಂಡಿದೆ. ಕರ್ನಾಟಕದ ಬಯಲುಸೀಮೆಯಲ್ಲಿ ಅಲಸಂದೆ, ಅವರೆ, ಹತ್ತಿ, ಜೋಳ, ಕುಸುಬೆ, ಬೆಂಡೆ ಮೊದಲಾದ ಬೆಳೆಗಳ ಮೇಲೆ ಹೇನು ಕಟ್ಟಿದೆಡೆಯಲ್ಲೆಲ್ಲ ಇದನ್ನು ನೋಡಬಹುದು. ಇಷ್ಟು ಸಾಮಾನ್ಯವಾಗಿದ್ದೂ, ಇಷ್ಟು ಸಲ ವರ್ಣಿತವಾಗಿದ್ದೂ, ಇದನ್ನು ಕೇವಲ ಬಣ್ಣ ಚುಕ್ಕೆಗಳ ಆಧಾರದಿಂದ ಗುರುತಿಸಹೊರಟವರು ಪದೇ ಪದೇ ಎಡವಿರುವುದರಿಂದ, ಕೀಟಗಳ ಅಭಿಜ್ಞಾನದಲ್ಲಿ ಯಾವ ಲಕ್ಷಣವನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದಕ್ಕೆ ಈ ಪ್ರಭೇದವನ್ನು ಒಂದು ನಿದರ್ಶನವಾಗಿ ತೆಗೆದುಕೊಳ್ಳುವುದು ಉಚಿತವಾಗಿದೆ.

ಪ್ರಪಂಚದಲ್ಲಿ ಸುಮಾರು 6000 ಪ್ರಭೇದಗಳನ್ನುಳ್ಳ ಕಾಕ್ಸಿನೆಲಿಡೀ ಕುಟುಂಬವನ್ನು ಉಳಿದ ದುಂಬಿಗಳಿಂದ ಬೇರ್ಪಡಿಸುವ ಲಕ್ಷಣಗಳು ಬೆನ್ನಿನ ಮೇಲಿಲ್ಲ, ಹೊಟ್ಟೆಯ ಕಡೆಗಿವೆ. ಹುಳುವನ್ನು ಅಂಗಾತ ಮಲಗಿಸಿ ಭೂತಗನ್ನಡಿಯ ಮೂಲಕ ನೋಡಿದರೆ, ಪಾದದಲ್ಲಿ ಮೂರೇ ಗೆಣ್ಣುಗಳಿರುವಂತೆ ತೋರುತ್ತದೆ. ವಾಸ್ತವವಾಗಿ ಇರುವುದು ನಾಲ್ಕು. ಮೂರನೆಯ ಗೆಣ್ಣು ಅತ್ಯಂತ ಕಿರಿದಾಗಿ, ಎರಡನೆಯದರ ಅಗಲವಾದ ಹಾಲೆಗಳ ನಡುವೆ ಅಡಗಿಕೊಂಡಿರುವುದರಿಂದ ಹಿಂದಿನ ವಿದ್ವಾಂಸರು ಇವನ್ನು ಮೂರುಗೆಣ್ಣಿನ ದುಂಬಿಗಳೆಂದೇ ಎಣಿಸಿದ್ದರು. ಬಾಯ ಬಳಿಯ ಸ್ಪರ್ಶಕಡ್ಡಿಯ ಕೊನೆಯ ಗೆಣ್ಣು ಬಹುಮಟ್ಟಿಗೆ ಕೊಡಲಿಯ ಬಾಯಂತೆ ಅಗಲವಾಗಿರುತ್ತದೆ. ಕುಡಿಮೀಸೆಗಳು ಗಿಡ್ಡ, ತುದಿಯಲ್ಲಿ ತುಸು ದಪ್ಪ. ಉದರದ ಮೊದಲನೆಯ ಫಲಕದ ಮೇಲೆ, ಹಿಂಗಾಲಿನ ಬುಡದ ಹಿಂದೆ, ಬಾಗಿದ ಒಂದು ಗೀರು ಇರುತ್ತದೆ. ಈ ಗೀರು ಪೂರ್ಣವೃತ್ತಾರ್ಧವಾಗಿದೆಯೆ, ಅರ್ಧಕ್ಕೇ ನಿಂತಿದೆಯೆ, ಕವಲೊಡೆದಿದೆಯೆ ಎಂಬುದು ಜಾತಿಗಳನ್ನು ವಿಂಗಡಿಸುವಲ್ಲಿ ಬಹಳ ಬೆಲೆಯುಳ್ಳ ಸಂಗತಿ. ಮೇಲಿನ ಚೆಲುವಿಗೆ ಮನಸೋತವರಿಗೆ ಇವು ಶುಷ್ಕವೆನಿಸಬಹುದಾದರೂ, ಹವೆ, ಆಹಾರ, ವಯಸ್ಸುಗಳ ಪ್ರಭಾವಕ್ಕೆ ಒಳಗಾಗದೆ ಸ್ಥಿರವಾಗಿ ನಿಲ್ಲತಕ್ಕವು ಇಂಥ ಲಕ್ಷಣಗಳೇ.

ಪ್ರೌಢ ಹುಳುವಿನ ಉದ್ದ 3 ರಿಂದ 6 ಮಿಲಿಮೀಟರುಗಳಷ್ಟು. ಗಂಡಿಗಿಂತ ಹೆಣ್ಣು ಸಾಮಾನ್ಯವಾಗಿ ದೊಡ್ಡದು. ಮೈ ಅಗಲವಾದ ಅಂಡಾಕಾರದ್ದು, ಮೇಲ್ಭಾಗ ಸಾಧಾರಣವಾಗಿ ಉಬ್ಬಿದ್ದು, ರೋಮರಹಿತವಾಗಿ ಹೊಳೆಯುತ್ತದೆ. ಗಡುಸಾದ ಮುಂರೆಕ್ಕೆಗಳ ಮೂಲವರ್ಣ ಹಳದಿಯಿಂದ ಕಿತ್ತಳೆಗೆಂಪಿನವರೆಗೆ ಯಾವುದಾದರೂ ಇರಬಹುದು. ಎರಡು ರೆಕ್ಕೆಗಳೂ ಕೂಡುವ ನಡುಗೆರೆಯ ಉದ್ದಕ್ಕೂ ಒಂದು ಕರಿಯ ಪಟ್ಟೆ. ಒಂದೊಂದು ರೆಕ್ಕೆಯ ಮೇಲೂ ಅಡ್ಡಲಾಗಿ, ಅಂಕುಡೊಂಕಾಗಿ ಸಾಗುವ ಎರಡು ಕರಿಯ ಪಟ್ಟೆಗಳು. ಅವುಗಳ ಹಿಂದೆ, ತುದಿಯ ಬಳಿ, ಒಂದು ಕರಿಯ ಚುಕ್ಕೆ. ಎರಡು ಕಡೆಯವನ್ನೂ ಕೂಡಿಸಿದರೆ ಆರು ಗುರುತುಗಳಾಗುವುವಾದ್ದರಿಂದ ಆರುಚುಕ್ಕೆಯದೆಂಬ ಹೆಸರು ಸಲ್ಲುತ್ತದೆಯೇ ಹೊರತು, ಆರು ದುಂಡುಚುಕ್ಕೆಗಳನ್ನು ಹುಡುಕಹೊರಟವನಿಗೆ ಈ ಹುಳು ಎದುರಿಗಿದ್ದರೂ ಸಿಕ್ಕುವುದಿಲ್ಲ. ತಲೆಯ ಹಿಂದೆ ಗುರಾಣಿಯಂತೆ ಹರಡಿರುವ ಎದೆಯ ಮೇಲ್ಫಲಕ ಹಳದಿಯದಾಗಿದ್ದು, ಅದರ ಹಿಂಭಾಗದಲ್ಲೊಂದು ಕರಿಯ ಪಟ್ಟೆಯೂ, ಆ ಪಟ್ಟೆಗೆ ಅಂಟಿಕೊಂಡು ನಡುವಿನಲ್ಲಿ ಮುಂದಕ್ಕೆ ಚಾಚಿದ ಕರಿಯ ಗುರುತೂ ಇರುತ್ತವೆ. ಪಕ್ಕದ ಅಂಚುಗಳು ಮಾತ್ರ ಕಪ್ಪಾಗದೆ ತಿಳಿಬಣ್ಣದಲ್ಲೇ ಉಳಿಯುತ್ತವೆ. ಹೊಲದಲ್ಲಿ ನಿಂತು ಗುರುತು ಹಿಡಿಯಬೇಕಾದವನು ರೆಕ್ಕೆಗಿಂತ ಮೊದಲು ಈ ಫಲಕವನ್ನು ನೋಡುವುದೇ ಮೇಲು.

ಏಕೆಂದರೆ ರೆಕ್ಕೆಯ ಚಿತ್ರ ಬಹಳ ಚಂಚಲವಾದುದು. ಪಟ್ಟೆಗಳು ಒಂದು ಹುಳುವಿನಲ್ಲಿ ಅಗಲವಾಗಿ ಒಂದನ್ನೊಂದು ಕೂಡಿಕೊಂಡಿದ್ದರೆ, ಅದೇ ಗಿಡದ ಮತ್ತೊಂದು ಹುಳುವಿನಲ್ಲಿ ಸಣಕಲಾಗಿ ತುಂಡುತುಂಡಾಗಿರುತ್ತವೆ. ಪೂರ್ವದ ದೇಶಗಳಲ್ಲಿ ಕಪ್ಪು ಇನ್ನೂ ಹೆಚ್ಚಿ, ಇಡೀ ರೆಕ್ಕೆಯೇ ಕರಿದಾಗಿ ಒಟ್ಟು ನಾಲ್ಕು ಕೆಂಪು ಮಚ್ಚೆಗಳು ಮಾತ್ರ ಉಳಿದ ರೂಪವೊಂದಿದೆ. ಇದನ್ನು ಬೇರೊಂದು ಪ್ರಭೇದವೆಂದೇ ಬಗೆದು ಕ್ವಾಡ್ರಿಪ್ಲೇಜಿಯೇಟ ಎಂದು ಹೆಸರಿಟ್ಟಿದ್ದರು. ಜಪಾನಿನಲ್ಲಿ ತಿಳಿರೂಪ ಕರಿರೂಪಗಳೆರಡೂ ಒಟ್ಟೊಟ್ಟಿಗೆ ದೊರೆತು, ಒಂದರೊಡನೊಂದು ಕೂಡಿ ಸಂತಾನವನ್ನು ಪಡೆಯುವುದರಿಂದ ಇವು ಒಂದೇ ಪ್ರಭೇದದ ವಿವಿಧ ವೇಷಗಳೆಂಬುದರಲ್ಲಿ ಸಂದೇಹವಿಲ್ಲ. ಯೂರೋಪಿನ ಎರಡುಚುಕ್ಕೆಯ ಗುಲಗಂಜಿ ಹುಳುವಿನ ಕತೆಯೂ ಇಂಥದೇ: ಕೆಂಪಿನ ಮೇಲೆ ಕರಿಚುಕ್ಕೆಯುಳ್ಳದ್ದೂ ಕಪ್ಪಿನ ಮೇಲೆ ಕೆಂಪುಚುಕ್ಕೆಯುಳ್ಳದ್ದೂ ಬಹುಕಾಲ ಬೇರೆ ಬೇರೆ ಹೆಸರುಗಳಿಂದ ಕರೆಯಲ್ಪಡುತ್ತಿದ್ದವು. ಹಾರ್ಮೋನಿಯ ಆಕ್ಸಿರಿಡಿಸ್ ಎಂಬ ಏಷ್ಯದ ಪ್ರಭೇದದಲ್ಲಿ ಇಂಥ ವರ್ಣಭೇದಗಳು ನೂರಕ್ಕೂ ಮಿಕ್ಕಿವೆ. ಅವುಗಳ ಆನುವಂಶಿಕತೆಯನ್ನು ಚೀನದ ತಳಿವಿಜ್ಞಾನಿ ತಾನ್ ಜಿಯಾಜೆನ್ 1946ರಲ್ಲಿ ವಿವರಿಸಿದನು. ಅವಕ್ಕೆ ಮುಖ್ಯ ಕಾರಣ ಪ್ಯಾನಿಯರ್ ಎಂಬ ಒಂದು ಜೀನಿನ ನಿಯಂತ್ರಣದಲ್ಲಿನ ವ್ಯತ್ಯಾಸವೆಂದು 2018ರಲ್ಲಿ ತಿಳಿದುಬಂದಿತು. ಒಂದು ಜೀನಿನ ವ್ಯತ್ಯಾಸದಿಂದ ಇಡೀ ಬೆನ್ನಿನ ಚಿತ್ರವೇ ಬದಲಾಗುವುದಾದರೆ, ಆ ಚಿತ್ರವನ್ನು ನೆಚ್ಚಿ ಪ್ರಭೇದಗಳನ್ನು ಕಟ್ಟಿದವರ ಶ್ರಮ ಎಷ್ಟು ದುರ್ಬಲವಾದ ತಳಹದಿಯ ಮೇಲೆ ನಿಂತಿತ್ತೆಂಬುದನ್ನು ಊಹಿಸಬಹುದು.

ವಯಸ್ಸೂ ಬಣ್ಣವನ್ನು ಬದಲಿಸುತ್ತದೆ. ಕೋಶವನ್ನು ಸೀಳಿಕೊಂಡು ಆಗತಾನೆ ಹೊರಬಂದ ದುಂಬಿಯ ಮುಂರೆಕ್ಕೆಗಳು ಮೆತ್ತಗೆ, ಒದ್ದೆಯಾಗಿ, ಚುಕ್ಕೆಯೊಂದೂ ಇಲ್ಲದ ಮಾಸಲು ಹಳದಿಯಾಗಿರುತ್ತವೆ. ಅದು ಬರಿದಾದ ಕೋಶದ ಮೇಲೆಯೇ ಕುಳಿತು, ಪಾರದರ್ಶಕವಾದ ಹಿಂರೆಕ್ಕೆಗಳನ್ನು ಮುಂರೆಕ್ಕೆಗಳಾಚೆಗೆ ಉದ್ದಕ್ಕೆ ಚಾಚಿ ಆರಲು ಬಿಡುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹಿಂರೆಕ್ಕೆಗಳು ಮಡಿಚಿಕೊಂಡು ಒಳಸೇರುತ್ತವೆ. ಅನಂತರ, ತೆಳುವಾದ ಹೊಗೆಯ ಬಣ್ಣದಲ್ಲಿ ಪಟ್ಟೆಗಳ ಸುಳಿವು ಮೂಡಿ, ಕೆಲವು ಗಂಟೆಗಳಲ್ಲಿ ಅವು ಸ್ಪಷ್ಟವಾಗಿ ಕಪ್ಪಾಗುತ್ತವೆ. ಕಪ್ಪು ಮೆಲನಿನ್ನಿನಿಂದಾದದ್ದು, ಹಳದಿ ಕೆಂಪುಗಳು ಆಹಾರದೊಡನೆ ಸಂಬಂಧವುಳ್ಳ ಕೆರೊಟಿನಾಯ್ಡುಗಳಿಂದ ಆದುವು. ಹೀಗಾಗಿ ಕೆಂಪು ಪೂರ್ತಿಯಾಗಿ ಏರಲು ಇನ್ನೂ ಕೆಲವು ದಿನಗಳು ಹಿಡಿಯುತ್ತವೆ. ಆ ಮೊದಲ ಗಂಟೆಗಳಲ್ಲಿ ಸಂಗ್ರಹಕಾರನ ಕೈಗೆ ಸಿಕ್ಕಿ ಸೀಸೆಯೊಳಗೆ ಸತ್ತ ಹುಳು ಎಂದೆಂದಿಗೂ ಚುಕ್ಕೆಯಿಲ್ಲದ ಹಳದಿ ಹುಳುವಾಗಿಯೇ ಉಳಿದು, ಮುಂದಿನವರನ್ನು ದಿಕ್ಕುತಪ್ಪಿಸುತ್ತದೆ. ಇತ್ತ, ಪೆಟ್ಟಿಗೆಯಲ್ಲಿ ಸೂಜಿಗೆ ಸಿಕ್ಕಿಸಿಟ್ಟ ಹಳೆಯ ಮಾದರಿಗಳಲ್ಲಿ ಕೆಂಪು ಕ್ರಮೇಣ ಮಾಸಿ ಕಂದುಹಳದಿಗೆ ತಿರುಗುವುದರಿಂದ, ಅವುಗಳನ್ನು ನೋಡಿ ಬರೆದ ವರ್ಣನೆಗೂ ಹೊಲದಲ್ಲಿನ ಜೀವಂತ ಹುಳುವಿಗೂ ಹೊಂದಿಕೆಯಾಗದಿರುವುದುಂಟು.

ಆರುಚುಕ್ಕೆಯ ಹುಳುವಿನೊಡನೆ ಗೊಂದಲಕ್ಕೆ ಅತ್ಯಂತ ಹೆಚ್ಚು ಎಡೆಕೊಡುವ ಹುಳು ಕಾಕ್ಸಿನೆಲ್ಲ ಟ್ರಾನ್ಸ್‌ವರ್ಸ್ಯಾಲಿಸ್. ಭಾರತದಿಂದ ಆಸ್ಟ್ರೇಲಿಯದವರೆಗೆ ಹರಡಿರುವ ಈ ಪ್ರಭೇದವೂ ಸಸ್ಯಹೇನುಭಕ್ಷಿಯೇ. ಒಂದೇ ಅಲಸಂದೆ ಬಳ್ಳಿಯ ಮೇಲೆ ಎರಡೂ ಅಕ್ಕಪಕ್ಕದಲ್ಲಿ ಮೇಯುತ್ತಿರುತ್ತವೆ. ಇದಕ್ಕೂ ಕೆಂಗಿತ್ತಳೆಯ ರೆಕ್ಕೆ, ನಡುಗೆರೆಯ ಕರಿಪಟ್ಟೆ, ಅಡ್ಡ ಗುರುತುಗಳು ಇವೆ. ಆದರೆ ಇದರ ಎದೆಯ ಮೇಲ್ಫಲಕ ಬಹುಮಟ್ಟಿಗೆ ಪೂರ್ತಿ ಕಪ್ಪಾಗಿದ್ದು, ಮುಂದಿನ ಎರಡು ಮೂಲೆಗಳಲ್ಲಿ ಮಾತ್ರ ತಿಳಿಬಣ್ಣದ ಮಚ್ಚೆಗಳಿರುತ್ತವೆ, ತಲೆಯೂ ಕಪ್ಪು. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು, ಹತ್ತರಲ್ಲಿ ಒಂಬತ್ತು ಸಲ ಸಂದೇಹ ಪರಿಹಾರವಾಗುತ್ತದೆ. ಭತ್ತದ ಗದ್ದೆಯಲ್ಲಿ ಕಾಣುವ ಮೈಕ್ರಾಸ್ಪಿಸ್ ಡಿಸ್‌ಕಲರ್ ಚುಕ್ಕೆಯಿಲ್ಲದ ಕಿತ್ತಳೆಯ ಹುಳು, ನಡುಗೆರೆ ಮಾತ್ರ ಸಣ್ಣಗೆ ಕಪ್ಪು. ಹಾರ್ಮೋನಿಯ ಆಕ್ಟೋಮ್ಯಾಕ್ಯುಲೇಟ ತುಸು ದೊಡ್ಡದು. ಬ್ರುಮಾಯ್ಡಿಸ್ ಸ್ಯೂಟುರಾಲಿಸ್ ಚಿಕ್ಕದು, ಬೆನ್ನಿನ ಮೇಲೆ ಉದ್ದುದ್ದವಾಗಿ ಮೂರು ಕರಿಗೆರೆಗಳು. ಹಿಪ್ಪುನೇರಳೆ ತೋಟಗಳಲ್ಲಿ ಕಾಣುವ ನಿಂಬೆಹಳದಿಯ ಇಲ್ಲಿಯಿಸ್ ಸಿಂಕ್ಟ ಹೇನನ್ನು ಮುಟ್ಟುವುದೇ ಇಲ್ಲ. ಎಲೆಯ ಬೂದಿರೋಗದ ಬೂಷ್ಟೇ ಅದರ ಆಹಾರ. ಉತ್ತರಭಾರತದಲ್ಲಿ ಹೇರಳವಾಗಿರುವ ಏಳುಚುಕ್ಕೆಯ ಕಾಕ್ಸಿನೆಲ್ಲ ಸೆಪ್ಟೆಂಪಂಕ್ಟೇಟ ಎಲ್ಲ ಚಿತ್ರಪುಸ್ತಕಗಳಲ್ಲಿಯೂ ಇರುವುದರಿಂದ, ನಮ್ಮ ಹೊಲದಲ್ಲಿ ಕಂಡ ಹುಳುವನ್ನೆಲ್ಲ ಏಳುಚುಕ್ಕೆಯದೆಂದು ಬರೆದುಬಿಡುವ ಅಭ್ಯಾಸವೊಂದು ಬೆಳೆದಿದೆ. ಚುಕ್ಕೆಗಳನ್ನು ಒಮ್ಮೆ ಎಣಿಸುವ ಸಹನೆಯಾದರೂ ಬೇಡವೆ?

ಕೃಷಿಕನ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದುದು ಬದನೆ, ಆಲೂಗಡ್ಡೆ, ಹಾಗಲ ಮೊದಲಾದವುಗಳ ಎಲೆಯನ್ನು ಕೆರೆದು ಜಾಲರಿಯಾಗಿಸುವ ಹೆನೋಸೆಪಿಲಾಕ್ನ ವಿಜಿಂಟಿಆಕ್ಟೋಪಂಕ್ಟೇಟ ಎಂಬ ಇಪ್ಪತ್ತೆಂಟು ಚುಕ್ಕೆಯ ದುಂಬಿಯಿಂದ ಇದನ್ನು ಬೇರ್ಪಡಿಸುವುದು. ಅದೂ ಇದೇ ಕುಟುಂಬದ್ದೇ ಆದರೂ ಅಪ್ಪಟ ಸಸ್ಯಾಹಾರಿ. ಅದರ ಮೈಮೇಲೆಲ್ಲ ನವುರಾದ ರೋಮಗಳಿರುವುದರಿಂದ ಹೊಳಪಿಲ್ಲದೆ ಮಂಕಾಗಿ ಕಾಣುತ್ತದೆ. ಹೇನುಭಕ್ಷಿಯ ಬೆನ್ನು ನುಣ್ಣಗೆ ಮಿರುಗುತ್ತದೆ. ಮರಿಹುಳುಗಳಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ: ಬದನೆಯ ದುಂಬಿಯ ಮರಿ ಹಳದಿಯಾಗಿ, ಕವಲೊಡೆದ ಮುಳ್ಳುಗಳಿಂದ ತುಂಬಿ, ಎಲೆಯ ಅಡಿಯಲ್ಲಿ ಮೆಲ್ಲಗೆ ಮೇಯುತ್ತಿರುತ್ತದೆ, ಆರುಚುಕ್ಕೆಯದರ ಮರಿ ಕರಿಬೂದು ಬಣ್ಣದ್ದು, ನೀಳವಾದದ್ದು, ಬೆನ್ನಿನ ಮೇಲೆ ಬಿಳಿ ಹಳದಿಯ ಮಚ್ಚೆಗಳುಳ್ಳದ್ದು, ಮೂರು ಜೊತೆ ಉದ್ದವಾದ ಕಾಲುಗಳಿಂದ ಚುರುಕಾಗಿ ಓಡಾಡತಕ್ಕದ್ದು. ಮೊಸಳೆಯ ಮರಿಯಂತಿರುವ ಈ ಆಕೃತಿಗೂ ಕೆಂಪನೆಯ ಪ್ರೌಢ ದುಂಬಿಗೂ ಯಾವ ಹೋಲಿಕೆಯೂ ಇಲ್ಲದಿರುವುದರಿಂದ, ದುಂಬಿಯನ್ನು ಮಿತ್ರನೆಂದು ಬಲ್ಲ ರೈತನೂ ಅದರ ಮರಿಯನ್ನು ಪೀಡೆಯೆಂದು ಬಗೆದು ಅದಕ್ಕಾಗಿಯೇ ಔಷಧಿ ಹೊಡೆಯುವುದು ಹಲವೆಡೆ ನಡೆಯುತ್ತದೆ. ಹೇನುಗಳನ್ನು ಹೆಚ್ಚಾಗಿ ತಿನ್ನುವುದು ಆ ಮರಿಯೇ ಆದ್ದರಿಂದ ಈ ತಪ್ಪಿನ ಬೆಲೆ ದೊಡ್ಡದು. ದವಡೆಯನ್ನು ಬಿಡಿಸಿ ನೋಡಿದರೆ ಆಹಾರಭೇದ ಅಲ್ಲಿಯೇ ಬರೆದಿಟ್ಟಂತಿದೆ: ಪರಭಕ್ಷಿಯ ದವಡೆಯ ತುದಿ ಎರಡಾಗಿ ಸೀಳಿ ಚೂಪಾಗಿದ್ದು ಬುಡದಲ್ಲೊಂದು ಹಲ್ಲಿರುತ್ತದೆ; ಎಲೆ ಕೆರೆಯುವುದರಲ್ಲಿ ಬುಡದ ಹಲ್ಲಿಲ್ಲ, ತುದಿಯಲ್ಲಿ ಹಲವು ಹಲ್ಲುಗಳು.

ಪ್ರಭೇದದ ಕೊನೆಯ ತೀರ್ಮಾನ ಮಾತ್ರ ಹೊರಗಿನ ಯಾವ ಲಕ್ಷಣದಿಂದಲೂ ಆಗದೆ, ಗಂಡಿನ ಜನನಾಂಗಗಳ ಪರೀಕ್ಷೆಯಿಂದ ಆಗಬೇಕಾಗಿದೆ. ಸಂಗ್ರಹಾಲಯದ ಒಣ ಹುಳುವನ್ನು ತೇವದಲ್ಲಿಟ್ಟು ಮೆದುಗೊಳಿಸಿ, ಉದರವನ್ನು ಸೂಜಿಯಿಂದ ಬಿಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ನೂರಕ್ಕೆ 10ರ ದ್ರಾವಣದಲ್ಲಿ ನೆನೆಸಿದರೆ ಮಾಂಸಭಾಗಗಳು ಕರಗಿ ಗಡುಸಾದ ಭಾಗಗಳು ಮಾತ್ರ ಉಳಿಯುತ್ತವೆ. ಅವುಗಳನ್ನು ತೊಳೆದು ಗ್ಲಿಸರಿನ್ನಿನಲ್ಲಿರಿಸಿ ಸೂಕ್ಷ್ಮದರ್ಶಕದಡಿ ನೋಡಿದಾಗ, ನಡುವೆ ಚಾಚಿದ ಒಂದು ಹಾಲೆ, ಅದರ ಇಕ್ಕೆಲಗಳಲ್ಲಿ ರೋಮಯುಕ್ತವಾದ ಎರಡು ತೋಳುಗಳು, ಮತ್ತು ಇವುಗಳ ನಡುವೆ ಹಾಯ್ದುಬರುವ, ಬಿಲ್ಲಿನಂತೆ ಬಾಗಿದ, ಸೈಫೋ ಎಂದು ಕರೆಯಲ್ಪಡುವ ಉದ್ದನೆಯ ಕೊಳವೆ ಗೋಚರಿಸುತ್ತವೆ. ಈ ಕೊಳವೆಯ ತುದಿಯ ಆಕಾರವೂ ನಡುಹಾಲೆಯ ಅಂಚಿನ ಬಾಗೂ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಒಂದೇ ಪ್ರಭೇದದ ಕರಿಯ ಕೆಂಪಿನ ರೂಪಗಳಲ್ಲಿ ಅವು ಒಂದೇ ತೆರನಾಗಿರುತ್ತವೆ. ಹೆಣ್ಣಿನಲ್ಲಿ ವೀರ್ಯಕೋಶದ ಆಕಾರ ಇದೇ ರೀತಿ ನೆರವಾಗುತ್ತದೆ. ಈಚೆಗೆ ಮೈಟೊಕಾಂಡ್ರಿಯದ ಸಿಒಐ ಎಂಬ ಜೀನಿನ 658 ಅಕ್ಷರಗಳಷ್ಟು ಭಾಗವನ್ನು ಓದಿ ಗುರುತಿಸುವ ಡಿಎನ್‌ಎ ಬಾರ್‌ಕೋಡ್ ವಿಧಾನ ಬಳಕೆಗೆ ಬಂದಿರುವುದರಿಂದ, ಮೊಟ್ಟೆಯಿಂದಲೋ ಮುರಿದ ಕಾಲಿನಿಂದಲೋ ಪ್ರಭೇದವನ್ನು ಹೇಳಲು ಸಾಧ್ಯವಾಗಿದೆ. ಆದರೆ ಆ ಅಕ್ಷರಮಾಲೆಯನ್ನು ಹೋಲಿಸಿ ನೋಡಲು ಬಲ್ಲವರು ಮೊದಲೇ ಸರಿಯಾಗಿ ಗುರುತಿಸಿಟ್ಟ ಹುಳು ಇರಲೇಬೇಕಾದ್ದರಿಂದ ಸೂಜಿ ಸೂಕ್ಷ್ಮದರ್ಶಕಗಳ ಕೆಲಸ ಇನ್ನೂ ಮುಗಿದಿಲ್ಲ.

ನಾಮಕರಣದ ಇತಿಹಾಸವೂ ಇಷ್ಟೇ ಸುತ್ತುಬಳಸಿನದು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಗುಲಗಂಜಿ ಹುಳುಗಳೆಲ್ಲವನ್ನೂ ಕಾಕ್ಸಿನೆಲ್ಲ ಎಂಬ ಒಂದೇ ಜಾತಿಯಲ್ಲಿ ಸೇರಿಸಿ, ಕೆಂಪಿನ ಮೇಲೆ ಕಪ್ಪು, ಕೆಂಪಿನ ಮೇಲೆ ಬಿಳಿ, ಕಪ್ಪಿನ ಮೇಲೆ ಕೆಂಪು ಎಂದು ಚುಕ್ಕೆಗಳ ಬಣ್ಣವನ್ನನುಸರಿಸಿ ಅವುಗಳನ್ನು ಜೋಡಿಸಿದನು. ಅವನ ಶಿಷ್ಯ, ಡೆನ್ಮಾರ್ಕಿನ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಷಿಯಸ್, 1781ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಮ್ಮ ಹುಳುವನ್ನು ಕಾಕ್ಸಿನೆಲ್ಲ ಸೆಕ್ಸ್‌ಮ್ಯಾಕ್ಯುಲೇಟ ಎಂದು ಹೆಸರಿಸಿದನು. ಮೇಲೆ ಹೇಳಿದ ಟ್ರಾನ್ಸ್‌ವರ್ಸ್ಯಾಲಿಸ್, ಆಕ್ಟೋಮ್ಯಾಕ್ಯುಲೇಟಗಳೂ ಅದೇ ವರ್ಷ ಅವನಿಂದಲೇ ಹೆಸರು ಪಡೆದುವು. ಆ ಕಾಲದಲ್ಲಿ ಡೇನರ ವಸಾಹತಾಗಿದ್ದ ತಮಿಳುನಾಡಿನ ತರಂಗಂಬಾಡಿಯಲ್ಲಿ ಯೋಹಾನ್ ಗೆರ್ಹಾರ್ಡ್ ಕ್ಯೋನಿಗ್ ಎಂಬ ವೈದ್ಯನಿದ್ದು, ದಕ್ಷಿಣಭಾರತದ ಸಸ್ಯಗಳನ್ನೂ ಕೀಟಗಳನ್ನೂ ಯೂರೋಪಿಗೆ ಕಳುಹಿಸುತ್ತಿದ್ದುದರಿಂದ ಫ್ಯಾಬ್ರಿಷಿಯಸ್ಸನಿಗೆ ಈ ದೇಶದ ಅನೇಕ ಕೀಟಗಳ ಪರಿಚಯವಾಗಿತ್ತು. ಮುಂದೆ ಕಾಕ್ಸಿನೆಲ್ಲ ಜಾತಿ ಒಡೆದು ಹಲವಾದಾಗ ನಮ್ಮ ಪ್ರಭೇದ ಕೈಲೋಮಿನೀಸ್ ಜಾತಿಗೆ ಹೋಯಿತು. ಕ್ಯಾಲಿಫೋರ್ನಿಯದ ಟಿಂಬರ್ಲೇಕ್ 1943ರಲ್ಲಿ, ಆಫ್ರಿಕದ ಕೈಲೋಮಿನೀಸ್‌ಗಳಿಂದ ಇದು ಭಿನ್ನವೆಂದು ಬಗೆದು, ಇದಕ್ಕಾಗಿಯೇ ಮೆನೋಕೈಲಸ್ ಎಂಬ ಜಾತಿಯನ್ನು ಸ್ಥಾಪಿಸಿದನು. ಭಾರತದ ಕೃಷಿಕೀಟ ಸಾಹಿತ್ಯ ಬಹುವಾಗಿ ಬೆಳೆದದ್ದು ಆ ಬಳಿಕವೇ ಆದ್ದರಿಂದ ಆ ಹೆಸರೇ ಇಲ್ಲಿ ಬೇರೂರಿತು. ಈ ಭೇದ ಪ್ರತ್ಯೇಕ ಜಾತಿಗೆ ಸಾಲದೆಂದು ಅನಂತರದ ವಿದ್ವಾಂಸರು ಅಭಿಪ್ರಾಯಪಟ್ಟುದರಿಂದ ಹುಳು ಮರಳಿ ಕೈಲೋಮಿನೀಸ್ ಆಯಿತು. ಎರಡು ಹೆಸರುಗಳಡಿ ಚದುರಿದ ಬರಹಗಳನ್ನು ಹುಡುಕುವವರು ಎರಡನ್ನೂ ತಿಳಿದಿರತಕ್ಕದ್ದು.

ಕುಟುಂಬದ ಒಳವಿಂಗಡಣೆಯಲ್ಲಿ ಮೊದಲ ದೊಡ್ಡ ಪ್ರಯತ್ನ ಫ್ರಾನ್ಸಿನ ಲಿಯಾನ್ ನಗರದ ಎತಿಯೆನ್ ಮ್ಯುಲ್ಸಾನನದು. 1850ರಲ್ಲಿ ಅವನು ಪ್ರಪಂಚದ ಗುಲಗಂಜಿ ಹುಳುಗಳನ್ನೆಲ್ಲ ಬೃಹದ್ಗ್ರಂಥವೊಂದರಲ್ಲಿ ವರ್ಣಿಸಿ, ಬೆನ್ನು ನುಣುಪಾದವು, ರೋಮಯುಕ್ತವಾದವು ಎಂದು ಎರಡು ಭಾಗ ಮಾಡಿದನು. ನೋಡಿದೊಡನೆ ತಿಳಿಯುವ ಈ ವಿಭಾಗ ಬಳಕೆಗೆ ಅನುಕೂಲವಾದುದಾದರೂ, ನಿಜವಾದ ಬಂಧುಗಳನ್ನು ಅಗಲಿಸಿ ಪರಕೀಯರನ್ನು ಒಂದುಗೂಡಿಸಿತು. 1968ರಲ್ಲಿ ಜಪಾನಿನ ಹಿರೊಯುಕಿ ಸಸಾಜಿ, ಪ್ರೌಢ ಹುಳುವಿನ ಜೊತೆಗೆ ಮರಿಹುಳುಗಳ ರಚನೆಯನ್ನೂ ಪರಿಗಣಿಸಿ, ಆರು ಉಪಕುಟುಂಬಗಳುಳ್ಳ ವ್ಯವಸ್ಥೆಯೊಂದನ್ನು ಮುಂದಿಟ್ಟನು. ಅದರಲ್ಲಿ ಹೇನುಭಕ್ಷಿಗಳು ಕಾಕ್ಸಿನೆಲಿನೀ ಉಪಕುಟುಂಬದಲ್ಲಿಯೂ ಬದನೆಯ ದುಂಬಿಗಳು ಎಪಿಲಾಕ್ನಿನೀ ಎಂಬ ಬೇರೆ ಉಪಕುಟುಂಬದಲ್ಲಿಯೂ ಇದ್ದುವು. ಹಲವು ದಶಕಗಳ ಕಾಲ ಜಗತ್ತೆಲ್ಲ ಅದನ್ನೇ ಅನುಸರಿಸಿತು. 2007ರಲ್ಲಿ ಆಸ್ಟ್ರೇಲಿಯದ ಗುಲಗಂಜಿ ಹುಳುಗಳನ್ನು ಕುರಿತು ಬರೆದ ಆಡಮ್ ಸ್ಲಿಪಿನ್‌ಸ್ಕಿ ಈ ಗೋಡೆಗಳನ್ನು ಬಹುಮಟ್ಟಿಗೆ ಕೆಡವಿ, ಮೈಕ್ರೊವೈಸಿನೀ ಎಂಬ ಸಣ್ಣ ಹುಳುಗಳ ಗುಂಪೊಂದನ್ನು ಮಾತ್ರ ಪ್ರತ್ಯೇಕಿಸಿ, ಮಿಕ್ಕವನ್ನೆಲ್ಲ ಕಾಕ್ಸಿನೆಲಿನೀ ಎಂಬ ಒಂದೇ ಉಪಕುಟುಂಬದಲ್ಲಿ ಸೇರಿಸಿದನು. ಇದರಂತೆ ಹೇನುಭಕ್ಷಿಯೂ ಎಲೆಭಕ್ಷಿಯೂ ಒಂದೇ ಉಪಕುಟುಂಬದ ಎರಡು ಪಂಗಡಗಳಾಗಿವೆ. ನಮ್ಮ ಹುಳುವಿನ ಪಂಗಡ ಕಾಕ್ಸಿನೆಲಿನಿ. ಅನಂತರದ ಡಿಎನ್‌ಎ ಅಧ್ಯಯನಗಳು ಹಳೆಯ ಉಪಕುಟುಂಬಗಳಲ್ಲಿ ಹಲವು ಸಹಜ ಗುಂಪುಗಳಲ್ಲವೆಂಬುದನ್ನು ಸಮರ್ಥಿಸಿರುವುದಲ್ಲದೆ, ಈ ವಂಶದ ಪೂರ್ವಿಕರು ಶಲ್ಕಕೀಟಗಳನ್ನು ತಿನ್ನುತ್ತಿದ್ದರೆಂದೂ ಸಸ್ಯಹೇನು ತಿನ್ನುವ ಅಭ್ಯಾಸ ಬಳಿಕ, ಒಂದಕ್ಕಿಂತ ಹೆಚ್ಚು ಸಲ, ಹುಟ್ಟಿಕೊಂಡಿತೆಂದೂ ಸೂಚಿಸಿವೆ. ಆಹಾರವನ್ನೇ ವರ್ಗೀಕರಣದ ಸೂತ್ರವನ್ನಾಗಿ ಹಿಡಿಯುವಂತಿಲ್ಲವೆಂಬುದು ಇದರಿಂದ ಸ್ಪಷ್ಟ.

ಭಾರತದಲ್ಲಿ ಈ ಕುಟುಂಬದ ಅಧ್ಯಯನಕ್ಕೆ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ಎ. ಪಿ. ಕಪೂರರು ಕಳೆದ ಶತಮಾನದ ಮಧ್ಯಭಾಗದಲ್ಲಿ ಗಟ್ಟಿಯಾದ ಅಡಿಪಾಯ ಹಾಕಿದರು. ಬೆಂಗಳೂರಿನ ಪಾಲೂ ಇದರಲ್ಲಿ ಸಣ್ಣದಲ್ಲ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ 1957ರಲ್ಲಿ ಇಲ್ಲಿ ಪ್ರಾರಂಭವಾಯಿತು. ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇಂದು ಆ ಪರಂಪರೆಯನ್ನು ಮುಂದುವರಿಸಿದೆ. ಅಲ್ಲಿ ಕೆಲಸ ಮಾಡಿದ ಜೆ. ಪೂರಣಿಯವರು 2002ರಲ್ಲಿ ಭಾರತ ಉಪಖಂಡದ ಗುಲಗಂಜಿ ಹುಳುಗಳ, ಎಲೆಭಕ್ಷಿಗಳನ್ನು ಬಿಟ್ಟು, ಸುಮಾರು 400 ಪ್ರಭೇದಗಳ ಟಿಪ್ಪಣಿಸಹಿತವಾದ ಪಟ್ಟಿಯನ್ನೂ, 2023ರಲ್ಲಿ ಕಾಕ್ಸಿನೆಲಿನಿ ಪಂಗಡದ ಸಚಿತ್ರ ಮಾರ್ಗದರ್ಶಿಯನ್ನೂ ಪ್ರಕಟಿಸಿದರು. ಹೆಸರುಗಳ ಗೊಂದಲ ಈ ದೇಶದಲ್ಲಿ ಇಷ್ಟಾದರೂ ಕಡಿಮೆಯಾಗಿರುವುದು ಇಂಥ ತಾಳ್ಮೆಯ ಕೆಲಸದಿಂದ.

ಹೆಣ್ಣು ದುಂಬಿ ಹಳದಿ ಬಣ್ಣದ, ಕದಿರಿನಾಕಾರದ ಮೊಟ್ಟೆಗಳನ್ನು ಹೇನುಗಳ ಸಮೀಪದಲ್ಲಿ, ಎಲೆಯ ಮೇಲೆ ನೆಟ್ಟಗೆ ನಿಲ್ಲುವಂತೆ ಗುಂಪುಗುಂಪಾಗಿ ಇಡುತ್ತದೆ. ಬೆಚ್ಚಗಿನ ಹವೆಯಲ್ಲಿ ಎರಡು ಮೂರು ದಿನಗಳಲ್ಲಿ ಅವು ಒಡೆಯುತ್ತವೆ. ಮೊದಲು ಹೊರಬಂದ ಮರಿಗಳು ಇನ್ನೂ ಒಡೆಯದ ನೆರೆಯ ಮೊಟ್ಟೆಗಳನ್ನೇ ತಿಂದುಬಿಡುವುದು ಸಾಮಾನ್ಯ. ಮರಿ ನಾಲ್ಕು ಹಂತಗಳನ್ನು ದಾಟಿ, ಬಾಲದ ತುದಿಯನ್ನು ಎಲೆಗೆ ಅಂಟಿಸಿಕೊಂಡು ಕೋಶವಾಗುತ್ತದೆ. ಕಳಚಿದ ಕೊನೆಯ ಪೊರೆ ಕೋಶದ ಬುಡದಲ್ಲಿ ಮುದುರಿಕೊಂಡಿರುತ್ತದೆ. ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗಿನ ಅವಧಿ ಎರಡು ಮೂರು ವಾರಗಳು. ಎಳೆಯ ಮರಿ ಹೇನನ್ನು ಬೇಟೆಯಾಡುವ ರೀತಿ ನೋಡತಕ್ಕದ್ದು: ತನಗಿಂತ ದೊಡ್ಡದಾದ ಹೇನಿನ ಕಾಲನ್ನೋ ಮೀಸೆಯನ್ನೋ ಹಿಡಿದು, ಚೂಪಾದ ದವಡೆಯಿಂದ ಚುಚ್ಚಿ, ಜೀರ್ಣರಸವನ್ನು ಒಳಕ್ಕೆ ಬಿಟ್ಟು, ಕರಗಿದ್ದನ್ನು ಹೀರಿ, ಬರಿದಾದ ಪೊರೆಯನ್ನು ಎಸೆದುಬಿಡುತ್ತದೆ, ಬೆಳೆದ ಮರಿಯೂ ದುಂಬಿಯೂ ಹೇನನ್ನು ಇಡಿಯಾಗಿ ಅಗಿದು ನುಂಗುತ್ತವೆ. ಒಂದು ಮರಿ ಕೋಶವಾಗುವುದರೊಳಗಾಗಿ ನೂರಾರು ಹೇನುಗಳನ್ನು ಮುಗಿಸುತ್ತದೆ. ಅಲಸಂದೆ ಅವರೆಗಳ ಕರಿಹೇನು, ಹತ್ತಿಯ ಹೇನು, ಮುಸುಕಿನ ಜೋಳದ ಹೇನು, ಸಾಸಿವೆಯ ಹೇನು ಇವೆಲ್ಲವೂ ಇದರ ಆಹಾರ. ಹೇನು ಸಿಕ್ಕದಾಗ ಬಿಳಿನೊಣ, ಜಿಗಿಹುಳುಗಳ ಮರಿಗಳನ್ನೂ ಪರಾಗವನ್ನೂ ತಿಂದು ಕಾಲ ಹಾಕುತ್ತದೆ.

ಇದಕ್ಕೂ ಶತ್ರುಗಳುಂಟು. ಹೇನು ಸ್ರವಿಸುವ ಸಿಹಿಯಾದ ಅಂಟಿಗಾಗಿ ಅವುಗಳನ್ನು ಕಾಯುವ ಇರುವೆಗಳು ದುಂಬಿಯನ್ನೂ ಮರಿಗಳನ್ನೂ ಅಟ್ಟಿಬಿಡುತ್ತವೆ. ಹೆದರಿದ ದುಂಬಿ ಕಾಲುಗಳನ್ನು ಒಳಕ್ಕೆಳೆದುಕೊಂಡು ಸತ್ತಂತೆ ಬಿದ್ದು, ಮಂಡಿಯ ಕೀಲುಗಳಿಂದ ಹಳದಿಯ ಕಹಿದ್ರವವನ್ನು ಒಸರಿಸುತ್ತದೆ. ಹಕ್ಕಿಗಳು ಇದನ್ನು ಬಯಸದಿರುವುದು ಈ ಕಹಿಯಿಂದ. ಆದರೆ ಡೈನೋಕ್ಯಾಂಪಸ್ ಕಾಕ್ಸಿನೆಲೀ ಎಂಬ ಸಣ್ಣ ಕಣಜದ ಎದುರು ಕಹಿಯೂ ನಿರುಪಯುಕ್ತ. ಅದರ ಮೊಟ್ಟೆ ದುಂಬಿಯ ಮೈಯೊಳಗೆ ಒಡೆದು, ಮರಿ ಒಳಗೇ ಬೆಳೆದು, ಕೊನೆಗೆ ಹೊರಬಂದು, ಇನ್ನೂ ಪ್ರಾಣವಿರುವ ದುಂಬಿಯ ಕಾಲುಗಳ ನಡುವೆ ಗೂಡು ನೇಯ್ದುಕೊಳ್ಳುತ್ತದೆ. ತನ್ನನ್ನು ತಿಂದವನ ಗೂಡಿಗೆ ದುಂಬಿಯೇ ಕಾವಲು.

ಗುಲಗಂಜಿ ಹುಳುಗಳಿಂದ ಪೀಡೆಗಳನ್ನು ಹತೋಟಿಗೆ ತಂದ ಪ್ರಸಿದ್ಧ ನಿದರ್ಶನಗಳು ಬಹುಮಟ್ಟಿಗೆ ಶಲ್ಕಕೀಟ, ಹಿಟ್ಟುತಿಗಣೆಗಳ ವಿರುದ್ಧವಾದುವು. ಆಸ್ಟ್ರೇಲಿಯದಿಂದ ತಂದ ರೊಡೋಲಿಯ ಕಾರ್ಡಿನಾಲಿಸ್ 1888-89ರಲ್ಲಿ ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳನ್ನು ಉಳಿಸಿತು. 1898ರಲ್ಲಿ ದಕ್ಷಿಣಭಾರತದ ಕಾಫಿಯ ಹಸಿರು ಶಲ್ಕಕೀಟಕ್ಕೆಂದು ತಂದ ಕ್ರಿಪ್ಟೊಲೀಮಸ್ ಮಾಂಟ್ರೌಜೀರಿ ಆ ಕೆಲಸದಲ್ಲಿ ಸಫಲವಾಗದಿದ್ದರೂ ಇಲ್ಲಿ ನೆಲೆಯೂರಿ, ಇಂದು ಕಾಫಿ, ದ್ರಾಕ್ಷಿ ತೋಟಗಳ ಹಿಟ್ಟುತಿಗಣೆಯ ಮೇಲೆ ಬಿಡಲ್ಪಡುತ್ತಿದೆ. ಹೇನುಭಕ್ಷಿಗಳ ಯಶಸ್ಸು ಇಷ್ಟು ನಾಟಕೀಯವಾದುದಲ್ಲ. ಹೇನು ಬೆಳೆಯುವ ವೇಗ ಅಪಾರವಾದುದರಿಂದ ದುಂಬಿ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆಯೇ ಇರುತ್ತದೆ. 2002ರ ಸುಮಾರಿನಲ್ಲಿ ಮಹಾರಾಷ್ಟ್ರ ಕರ್ನಾಟಕಗಳ ಕಬ್ಬಿನ ಮೇಲೆ ಬಿಳಿಯ ಉಣ್ಣೆಹೇನು ಎರಗಿದಾಗಲೂ ಅದನ್ನು ತಗ್ಗಿಸಿದುದರಲ್ಲಿ ಮುಖ್ಯಪಾತ್ರ ಡೈಫ ಎಂಬ ಪತಂಗದ ಮರಿಹುಳುವಿನದೂ ಮೈಕ್ರೋಮಸ್ ಎಂಬ ಜಾಲರೆಕ್ಕೆಯ ಕೀಟದ್ದೂ ಆಗಿತ್ತು. ಆರುಚುಕ್ಕೆಯ ಹುಳುವನ್ನು ಪ್ರಯೋಗಾಲಯದಲ್ಲಿ ಅಲಸಂದೆ ಸಸಿಗಳ ಮೇಲೆ ಬೆಳೆಸಿದ ಕರಿಹೇನನ್ನು ಕೊಟ್ಟು ಸಾಕಬಹುದು. ಆದರೆ ದುಂಬಿಗಾಗಿ ಹೇನನ್ನೂ ಹೇನಿಗಾಗಿ ಗಿಡವನ್ನೂ ಬೆಳೆಸಬೇಕಾದ, ಮರಿಗಳು ಒಂದನ್ನೊಂದು ತಿನ್ನದಂತೆ ಕಾಯಬೇಕಾದ ಈ ಕೆಲಸ ದುಬಾರಿಯಾದುದರಿಂದ, ಹೊಲದಲ್ಲಿ ಇರುವುದನ್ನು ಉಳಿಸಿಕೊಳ್ಳುವುದೇ ಹೆಚ್ಚು ಕಾರ್ಯಸಾಧ್ಯವೆನಿಸಿದೆ. ಅದಕ್ಕಾಗಿ ಹತ್ತಿಯ ಸಾಲುಗಳ ನಡುವೆ ಅಥವಾ ಹೊಲದ ಅಂಚಿಗೆ ಅಲಸಂದೆ, ಮುಸುಕಿನ ಜೋಳಗಳನ್ನು ಬಿತ್ತುತ್ತಾರೆ. ಅವುಗಳ ಹೇನಿನ ಮೇಲೆ ಮೊದಲು ಹೆಚ್ಚಿದ ದುಂಬಿಗಳು ಬಳಿಕ ಹತ್ತಿಗೆ ದಾಟುತ್ತವೆ. ಕರಿಬೂದು ಮರಿಗಳು ಓಡಾಡುತ್ತಿರುವ ಗಿಡಗಳಿಗೆ ಆ ವಾರ ಕೀಟನಾಶಕ ಹೊಡೆಯಬಾರದು.